ರಿಲೀಸ್ ಕೊಡದ ಕೋಚ್, ತೊಂದರೆ ಇಲ್ಲದ ಅಪ್ಪ

ನಮ್ಮ ಮನೆಯಲ್ಲಿ ಆ ಟೆನಿಸ್ ಕೋಚ್ ತಿಂದ ಚಿತ್ರಾನ್ನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಗಳು ಹೈಸ್ಕೂಲ್ ಮುಗಿಸುವ ವರ್ಷ, ನ್ಯೂಯಾರ್ಕ್ ರಾಜ್ಯದ ಉತ್ತರದ ಮೂಲೆಯ ಕಾಲೇಜೊಂದರಿಂದ ನ್ಯೂಜೆರ್ಸಿಯ ಮನ್ರೋದ ನಮ್ಮ ಮನೆಗೆ, ಅವಳನ್ನು ತನ್ನ ಟೀಮಿಗೆ ಕರೆಯಲು, ಅವನೇ ಡ್ರೈವ್ ಮಾಡಿಕೊಂಡು ಬಂದಿದ್ದ. ಎರಡು ಸಲ ಬಡಿಸಿಕೊಂಡು, ಕಡಲೆಬೀಜ ಆರಿಸಿ ಆರಿಸಿ ತಿಂದು, "ನಿಮ್ಮ ಮಗಳು ಇನ್ನು ನನ್ನ ಮಗಳಿದ್ದ ಹಾಗೆ" ಎಂದ. ನಮ್ಮನೆಯವರ ಕಣ್ಣು ತುಂಬಿ ಬಂತು. ನಾನು ಡಬ್ಬಿಗೆ ಕೋಡುಬಳೆ ಹಾಕಿ ಕೊಟ್ಟೆ. ಆ ಡಬ್ಬಿಯೂ ವಾಪಸ್ ಬರಲಿಲ್ಲ.

ಮಗಳು ಅಲ್ಲಿ ಎರಡು ವರ್ಷ ಆಡಿದಳು. ಅಷ್ಟರಲ್ಲಿ ಮ್ಯಾನ್‌ಹಟನ್‌ನ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿಕೊಂಡವು. ಅಂಥದ್ದೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ನಮ್ಮನೆಯವರ ಕೆಲಸ ಹೋಯಿತು. ಮನೆಯ ಮಾರ್ಟ್‌ಗೇಜ್, ಮಗಳ ಹಾಸ್ಟೆಲ್ಲು ಎಲ್ಲಾ ನನ್ನ ಲ್ಯಾಬ್ ಕೆಲಸದ ಸಂಬಳದ ಮೇಲೆ ಬಿತ್ತು. ಮಗಳು ತಾನಾಗಿಯೇ ದಾರಿ ಹುಡುಕಿದಳು. ಮನೆಗೆ ಹತ್ತಿರದ ನ್ಯೂಜೆರ್ಸಿ ಕಾಲೇಜಿನ ಕೋಚ್‌ಗೆ ಇವಳ ಆಟ ಮೊದಲಿನಿಂದ ಗೊತ್ತಿತ್ತು. ರಿಲೀಸ್ ತಂದರೆ ಟೀಮಿನಲ್ಲಿ ಜಾಗವೂ ಉಂಟು, ಸ್ಕಾಲರ್‌ಶಿಪ್ಪೂ ಉಂಟು. ಮನೆಯಲ್ಲೇ ಇದ್ದು ಓದಬಹುದು, ಆಡಬಹುದು.

ರಿಲೀಸ್ ಎಂದರೆ ಹಳೆಯ ಕಾಲೇಜಿನ ಒಪ್ಪಿಗೆ. ಅದಿಲ್ಲದೆ ಹೊಸ ಕಾಲೇಜಿಗೆ ಸೇರಿದರೆ ಪಾಠ ಕೇಳಬಹುದು, ಆದರೆ ಒಂದು ವರ್ಷ ಆಡುವ ಹಾಗಿಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ನನ್ನ ಮಗಳೇನು ಗೂಟಕ್ಕೆ ಕಟ್ಟಿದ ಎಮ್ಮೆಯೇ? ಕೋಚ್ ಕೊಡುವುದಿಲ್ಲ ಎಂದ. ನಾನೇ ಫೋನ್ ಮಾಡಿದೆ. ಆ ಕಾಲೇಜು ತಮ್ಮ ಎದುರು ಆಡುವ ಟೀಮು, ಅಲ್ಲಿಗೆ ಯಾರನ್ನೂ ಬಿಡುವ ಪದ್ಧತಿ ಇಲ್ಲ, ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ ಎಂದು ತಣ್ಣಗೆ ಹೇಳಿದ. ನನ್ನ ಮಗಳಿದ್ದ ಹಾಗೆ ಎಂದಿದ್ದೂ ಅದೇ ಬಾಯಿ.

ಮಾರಿಸ್‌ಟೌನ್‌ನಲ್ಲಿ ಕಚೇರಿ ಇದ್ದ ಒಬ್ಬಳು ವಕೀಲೆ ಕನ್ನಡ ಕೂಟದಲ್ಲಿ ಪರಿಚಯವಾಗಿದ್ದಳು, ಮಂಗಳೂರು ಕಡೆಯ ಹುಡುಗಿ. ಕೋರ್ಟಿಗೆ ಹೋಗುವ ಮೊದಲು ಕಾಲೇಜಿನದೇ ಅಪೀಲು ಸಮಿತಿಯ ಮುಂದೆ ಹೋಗಬೇಕು, ಮನೆಯಲ್ಲಿ ನಿಜವಾದ ಕಷ್ಟವಿದ್ದರೆ ಅವರು ಕೋಚ್‌ನ ಮಾತನ್ನು ತಳ್ಳಿಹಾಕಬಹುದು ಎಂದಳು. ನಮ್ಮನೆಯವರಿಗೆ ಬಿಡಿಸಿ ಬಿಡಿಸಿ ಹೇಳಿದಳು: "ಅಂಕಲ್, ನಿಮ್ಮ ಕೆಲಸ ಹೋಗಿದೆ, ಮನೆ ನಡೆಸುವುದು ಕಷ್ಟ ಆಗಿದೆ. ನಮ್ಮ ಕೇಸೇ ಅದು. ಅಷ್ಟು ಹೇಳಿ ಸಾಕು, ಬೇರೆ ಎಂತ ಹೇಳುವುದು ಬೇಡ. ಒಳಗೆ ನನಗೆ ಮಾತಾಡ್ಲಿಕ್ಕೆ ಬಿಡುವುದಿಲ್ಲ."

ಅಷ್ಟು ಹೇಳುವುದೇ ನಮ್ಮ ಯಜಮಾನರಿಗೆ ಆಗದ ಕೆಲಸ. ವಕೀಲೆಗೂ ನಾನೇ ಹೇಳಿದ್ದು. ಮೈಸೂರಿನ ಅಣ್ಣತಮ್ಮಂದಿರಿಗೆ ಗೊತ್ತಿಲ್ಲ, ಕೂಟದವರಿಗೆ ಗೊತ್ತಿಲ್ಲ. ಕೇಳಿದವರಿಗೆಲ್ಲ ವರ್ಕ್ ಫ್ರಮ್ ಹೋಮ್ ಎನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆದರೂ ವಿಚಾರಣೆಯ ದಿನ ಕಾರಿನಲ್ಲಿ ದಾರಿಯುದ್ದಕ್ಕೂ "ಐ ಲಾಸ್ಟ್ ಮೈ ಜಾಬ್" ಎಂದು ಬಾಯಿಪಾಠ ಮಾಡುತ್ತಾ ಬಂದರು. ಮಗಳು ಹಿಂದಿನ ಸೀಟಿನಿಂದ ತಿದ್ದುತ್ತಿದ್ದಳು, "ಲೌಡರ್, ಅಪ್ಪ."

ಒಳಗೆ ಮಗಳ ಜೊತೆ ತಂದೆ ಅಥವಾ ತಾಯಿ, ಒಬ್ಬರಿಗೇ ಪ್ರವೇಶ. ನಾನು ಹೋಗುತ್ತೇನೆ ಎಂದರೆ ಕೇಳಲಿಲ್ಲ. "ಮೀಟಿಂಗು ನನಗೆ ಅಭ್ಯಾಸ, ನೀನು ಸುಮ್ನೆ ಕೂತ್ಕೋ" ಎಂದು ಕೋಟಿನ ಗುಂಡಿ ಹಾಕಿಕೊಂಡು ಹೋದರು. ನಾನೂ ವಕೀಲೆಯೂ ಹೊರಗಿನ ಬೆಂಚಿನ ಮೇಲೆ ಕೂತೆವು. ಆಚೆ ಬಂದಾಗ ಇವರ ಮುಖದಲ್ಲಿ ಗೆಲುವಿತ್ತು, ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಕಾರು ಹೈವೇಗೆ ಬಂದ ಮೇಲೆ ಅವಳು ಬಾಯಿಬಿಟ್ಟಳು. "ಹೀ ಟೋಲ್ಡ್ ದೆಮ್ ಎವ್ರಿಥಿಂಗ್ ಈಸ್ ಫೈನ್."

ಆಗಿದ್ದು ಇಷ್ಟು. ಸಮಿತಿಯ ಹಿರಿಯ ಹೆಂಗಸು ಮೊದಲಿಗೆ ಮೃದುವಾಗಿ, ನಿಮ್ಮ ಕುಟುಂಬಕ್ಕೆ ಇದು ಕಷ್ಟದ ಕಾಲ ಇರಬೇಕಲ್ಲವೇ ಎಂದು ಕೇಳಿದ್ದಾಳೆ. ಬಾಗಿಲು ತಾನಾಗಿ ತೆರೆದಿದೆ. ನಮ್ಮ ಯಜಮಾನರು, ಮದುವೆಮನೆಯಲ್ಲಿ ಬೀಗರು ಯೋಗಕ್ಷೇಮ ಕೇಳಿದಂತೆ, ಎರಡೂ ಕೈ ಆಡಿಸಿ "ನೋ ನೋ, ದೇವರ ದಯದಿಂದ ಎಲ್ಲ ಚೆನ್ನಾಗಿದೆ, ಏನೂ ತೊಂದರೆ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದಾರೆ. ಹಣದ ಅಡಚಣೆ ಇಲ್ಲವೇ ಎಂದು ಅವಳು ಮತ್ತೆ ಕೇಳಿದ್ದಾಳೆ. "ಅದನ್ನು ನಾವು ನಿಭಾಯಿಸುತ್ತೇವೆ ಮೇಡಂ." ಆಮೇಲೆ ಮಗಳು ಚಿಕ್ಕಂದಿನಲ್ಲಿ ಗೆದ್ದ ಕಪ್ಪುಗಳ ವಿಷಯ ಹೇಳಿ ಎದ್ದು ಬಂದಿದ್ದಾರೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವುದು ಇದಕ್ಕೇ.

"ರೀ, ನಿಮಗೇನು ತಲೆ ಕೆಟ್ಟಿದೆಯಾ?" ಎಂದು ಕೂಗಿದೆ.

"ಆಯಮ್ಮ ಅಷ್ಟು ಮರ್ಯಾದೆಯಿಂದ ಕೇಳಿದ್ಲು ಕಣೇ," ಎಂದರು. "ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು, ನನ್ನ ಕೈಲಾಗ್ತಿಲ್ಲ ಅಂತ ಹೇಗೆ ಹೇಳಲಿ?"

"ನೀನಾದ್ರೂ ಹೇಳ್ಬಾರ್ದಿತ್ತಾ?" ಎಂದು ಮಗಳ ಕಡೆ ತಿರುಗಿದೆ.

"ಯೂ ಗೈಸ್ ಟಾಟ್ ಮಿ, ಅಮ್ಮ. ನಾಲ್ಕು ಜನರ ಎದುರಿಗೆ ಅಪ್ಪನ ಮಾತಿಗೆ ಎದುರಾಡಬಾರದು."

ಅದೊಂದನ್ನು ಅವಳು ಕನ್ನಡದಲ್ಲೇ ಹೇಳಿದಳು. ನಾವು ಹೇಳಿಕೊಟ್ಟ ಹಾಗೆಯೇ.

ಅಪೀಲು ಬಿದ್ದುಹೋಯಿತು. ಕಷ್ಟವಿಲ್ಲವೆಂದು ತಂದೆಯೇ ಹೇಳಿದ್ದಾರಂತೆ. ಕೋರ್ಟಿಗೆ ಹೋದರೂ ಮೊದಲು ಆ ಮಾತನ್ನೇ ನಮ್ಮ ಮುಖಕ್ಕೆ ಹಿಡಿಯುತ್ತಾರೆ ಎಂದು ವಕೀಲೆ ಕೈಚೆಲ್ಲಿದಳು. ಅದೇ ಬೇಸಿಗೆಯಲ್ಲಿ ಆ ಕೋಚ್ ಇನ್ನೂ ದೊಡ್ಡ ಕಾಲೇಜಿಗೆ ಹೊರಟುಹೋದ. ಅವನಿಗೆ ಯಾವ ರಿಲೀಸೂ ಬೇಕಾಗಲಿಲ್ಲ, ಒಂದು ವರ್ಷ ಸುಮ್ಮನೆ ಕೂರು ಎಂದು ಯಾರೂ ಹೇಳಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಅವನು ಹೋದ ಮೇಲಾದರೂ ಬಿಡಿ ಎಂದು ಕೇಳಿದೆವು. ಸಮಿತಿಯ ತೀರ್ಮಾನವೇ ಕೊನೆಯಂತೆ. ಅವನು ಹೋದ, ಅವನ "ಇಲ್ಲ" ಮಾತ್ರ ಅಲ್ಲೇ ಉಳಿಯಿತು.

ಮಗಳು ಸಾಲ ಮಾಡಿ ಮನೆ ಹತ್ತಿರದ ಅದೇ ಕಾಲೇಜು ಸೇರಿದಳು. ಸಂಜೆ ಹೊತ್ತು ಗ್ಯಾರೇಜಿನ ಬಾಗಿಲಿಗೆ ಚೆಂಡು ಹೊಡೆಯುತ್ತಿದ್ದಳು. ಚಳಿ ಶುರುವಾದ ಮೇಲೆ ಅದನ್ನೂ ಬಿಟ್ಟಳು. ಏನಾದರೂ ಕೇಳಿದರೆ, "ಐ ಆ್ಯಮ್ ಫೈನ್."

ಒಂದು ಭಾನುವಾರ ಮೂವರೂ ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಸಾಮಾನು ತರಲು ಹೋಗಿದ್ದೆವು. ಕರಿಬೇವು ಆರಿಸುತ್ತಿದ್ದಾಗ ಕೂಟದ ಒಬ್ಬರು ಆಂಟಿ ಸಿಕ್ಕರು. "ಏನ್ ಪುಟ್ಟಿ, ಟೆನಿಸ್ ಹೇಗ್ ನಡೀತಿದೆ? ಅಪ್ಪಂಗೆ ಇನ್ನೂ ಮನೆಯಿಂದಲೇ ಕೆಲಸಾನಾ?" ಎಂದು ಅಕ್ಕರೆಯಿಂದಲೇ ಕೇಳಿದರು.

ಮಗಳು ಎರಡೂ ಕೈ ಆಡಿಸಿ ನಕ್ಕಳು. "ನೋ ನೋ, ಎವ್ರಿಥಿಂಗ್ ಈಸ್ ಫೈನ್, ಆಂಟಿ. ನೋ ಪ್ರಾಬ್ಲಮ್."

ಅದೇ ಕೈ, ಅದೇ ನಗು. ನನಗೆ ತಡೆಯಲಾಗಲಿಲ್ಲ. "ಫೈನೂ ಇಲ್ಲ, ಮಣ್ಣೂ ಇಲ್ಲ!" ಎಂದು ಅಂಗಡಿಯಲ್ಲೇ ಕೂಗಿದೆ. "ಇವರ ಕೆಲಸ ಹೋಗಿ ವರ್ಷವಾಯ್ತು. ಇವಳಿಗೆ ಆಡೋಕೆ ಬಿಡ್ತಿಲ್ಲ. ನಮ್ಮನೇಲಿ ಕಷ್ಟ ಇದೆ, ಕೇಳಿಸ್ತಾ? ಕಷ್ಟ ಇದೆ!"

ಆಂಟಿ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಸುಮ್ನಿರೇ, ಜನ ನೋಡ್ತಿದಾರೆ" ಎಂದು ಯಜಮಾನರು ನನ್ನ ತೋಳು ಹಿಡಿದರು. ಮಗಳು ಬಂದು ಅವರ ಕೈಯನ್ನು ಬಿಡಿಸಿದಳು. ಅವಳು ಅಳುತ್ತಿದ್ದಳು, ಅಪೀಲು ಬಿದ್ದ ದಿನವೂ ಅತ್ತಿರದವಳು.

"ಇನ್ನೊಂದ್ಸಲ ಹೇಳಮ್ಮ," ಎಂದಳು.

ಹೇಳಿದೆ. ಈ ಸಲ ಇನ್ನೂ ಜೋರಾಗಿ.