ಲೋಡಿಗೋ, ಖಾಲಿಗೋ?

ಹೊಸ ಟಯರಿನ ವಾಸನೆಯನ್ನು ಇಷ್ಟಪಡುವವರು ಪ್ರಪಂಚದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು, ನಾನೊಬ್ಬನಂತೂ ಇದ್ದೇನೆ. ಇವತ್ತು ಬೆಳಿಗ್ಗೆ, ಪೇಟೆಯಲ್ಲಿ ಸ್ವಲ್ಪ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಹೊರಟವನು, ಕೊಪ್ಪದ ಬಸ್‌ಸ್ಟ್ಯಾಂಡು ದಾಟಿ ಒಂದು ಟಯರ್ ಅಂಗಡಿಯ ಮುಂದೆ ನಿಂತುಬಿಟ್ಟೆ. ಎಂಥ ಕೆಲಸ ಎಂದು ನೀವು ಕೇಳಬೇಡಿ, ಮನೆಯಲ್ಲೂ ಕೇಳಿಲ್ಲ. ಅಂಗಡಿಯವರು ಲಾರಿಯಿಂದ ಹೊಸ ಟಯರುಗಳನ್ನು ಇಳಿಸಿ, ಉರುಳಿಸುತ್ತ ಒಳಗೆ ಒಯ್ಯುತ್ತಿದ್ದರು. ಚಿಕ್ಕಂದಿನಲ್ಲಿ ಹೊಸ ಚಪ್ಪಲಿಯನ್ನು ಹಾಕಿಕೊಳ್ಳುವ ಮೊದಲು ಮೂಸಿ ನೋಡುತ್ತಿದ್ದೆವಲ್ಲ, ಅದೇ ವಾಸನೆ, ಅದರ ಹತ್ತರಷ್ಟು. ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಕುಳಿತವನಿಗೆ ನನ್ನ ಭಾವನ ನೆನಪಾಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮುತ್ತಿನಕೊಪ್ಪದ ಕಡೆಯವರು. ಮನೆಗೆ ಸಾಕಾಗುವಷ್ಟು ಅಡಿಕೆ ತೋಟವಿದ್ದರೂ ಅವರ ಜೀವವೆಲ್ಲ ಇದ್ದದ್ದು ಒಂದು ಬಿಳಿ ಪಿಕಪ್ ಗಾಡಿಯಲ್ಲಿ. ಗೊಬ್ಬರ, ಸಿಮೆಂಟು, ಕಾಫಿ ಚೀಲ, ಮದುವೆ ಮನೆಯ ಕೊಪ್ಪರಿಗೆ, ಒಮ್ಮೆ ಒಂದು ಹಾರ್ಮೋನಿಯಂ ಸಮೇತ ಇಡೀ ಭಜನಾ ಮಂಡಳಿ, ಅವರು ಹೊರದ ವಸ್ತುವಿಲ್ಲ. ತೋಟದ ಬಗ್ಗೆ ಕೇಳಿದರೆ "ಉಂಟು, ಹಂಗೇ ಉಂಟು" ಎನ್ನುತ್ತಿದ್ದವರು ಟಯರಿನ ವಿಷಯ ಬಂದರೆ ಕೂತಲ್ಲಿಂದ ಎದ್ದು ನಿಂತು ಮಾತಾಡುತ್ತಿದ್ದರು. ಲಗ್ ಟಯರು ಎಂದರೆ ದಪ್ಪ ದಪ್ಪ ಹಲ್ಲಿನದು, ಕೆಸರನ್ನೂ ಏರನ್ನೂ ಕಚ್ಚಿ ಹಿಡಿಯುತ್ತದೆ. ಉದ್ದುದ್ದ ಗೆರೆಯ ಟಯರು ಟಾರು ರಸ್ತೆಗೆ, ಹಗುರ ಕೆಲಸಕ್ಕೆ. ಗಂಡಸಾದವನು ಹಿಂದಕ್ಕೆ ಲಗ್ ಟಯರನ್ನೇ ಹಾಕಬೇಕು ಎಂಬುದು ಅವರ ಸಿದ್ಧಾಂತ. ಗಂಡಸುತನಕ್ಕೂ ರಬ್ಬರಿನ ಹಲ್ಲಿಗೂ ಏನು ಸಂಬಂಧ ಎಂದು ನಾನು ಕೇಳಿದ್ದುಂಟು. ಸೈಕಲ್ ಬಿಟ್ಟು ಬೇರೇನೂ ಓಡಿಸದವನಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬಂತೆ ಅವರು ನಕ್ಕಿದ್ದರು.

ನಮ್ಮ ಕಡೆಯ ಪಂಕ್ಚರ್ ಅಂಗಡಿಗಳಲ್ಲಿ ಪಿಕಪ್ಪಿಗೆ ಗಾಳಿ ಹಾಕಿಸಲು ಹೋದರೆ, ಅಂಗಡಿಯವನು ಪೈಪು ಕೈಗೆತ್ತಿಕೊಳ್ಳುವ ಮೊದಲು ಕೇಳುವ ಪ್ರಶ್ನೆ ಒಂದೇ: "ಲೋಡಿಗೋ, ಖಾಲಿಗೋ?" ಗಾಡಿ ಭಾರ ಹೊರುವುದಾದರೆ ಹಿಂದಿನ ಚಕ್ರಗಳಿಗೆ ಗಾಳಿ ಹೆಚ್ಚು ಬೇಕು, ಖಾಲಿ ಓಡುವುದಾದರೆ ಕಡಿಮೆ ಸಾಕು. ಭಾವ ಈ ಪ್ರಶ್ನೆಗೆ ಜನ್ಮದಲ್ಲಿ ಕೊಟ್ಟ ಉತ್ತರವೂ ಒಂದೇ, "ಲೋಡಿಗೆ." ಹಾಗೆಂದು ಹೇಳಿ, ಗಾಳಿ ತುಂಬಿದ ಮೇಲೆ, ಎಮ್ಮೆಯ ಬೆನ್ನು ತಟ್ಟುವಂತೆ ಟಯರನ್ನೊಮ್ಮೆ ಅಂಗೈಯಿಂದ ತಟ್ಟಿ ಗಾಡಿ ಹತ್ತುತ್ತಿದ್ದರು.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮಾಡಿದವರು ಖಂಡಿತ ಪಿಕಪ್ಪಿನಲ್ಲಿ ಕುಳಿತಿರಬೇಕು. ಚೀಲ ಪೇರಿಸಿದ ಗಾಡಿ ಗಂಭೀರವಾಗಿ ಹೋಗುತ್ತದೆ. ಅದೇ ಗಾಡಿ, ಅದೇ ಬಿಗಿ ಗಾಳಿಯಲ್ಲಿ ಖಾಲಿ ಬಂದರೆ, ರಸ್ತೆಯ ಕಡ್ಡಿಗೂ ಕಲ್ಲಿಗೂ ಕುಣಿಯುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಅನಿಲದ ಒತ್ತಡದ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ, ಬೋರ್ಡಿನ ಮೇಲೆ ಚೆಂದದ ಚಿತ್ರ ಬರೆದಿದ್ದೇನೆ. ಆದರೆ ನನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವಳು ನನ್ನ ಹೆಂಡತಿ. ಇದನ್ನು ಮಕ್ಕಳಿಗೆ ಹೇಳಿರಲಿಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಭಾವನ ಎದೆಗೆ ತೊಂದರೆಯಾಯಿತು. ಸ್ಟೆಂಟು ಹಾಕಿದರು. ಭಾರ ಎತ್ತಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮನೆಯಲ್ಲಿ ಕೂತದ್ದು ಸ್ವಲ್ಪ ದಿನವಷ್ಟೆ. ಆಮೇಲೆ, "ನಾನು ಸ್ಟೇರಿಂಗ್ ಹಿಡಿತೀನಿ, ಮೂಟೆ ಎತ್ತಕ್ಕೆ ಜನ ಇದ್ದಾರೆ" ಎಂದು ಮತ್ತೆ ಗಾಡಿ ಹತ್ತಿದರು. ಬೆಳಿಗ್ಗೆ ಬುತ್ತಿ ಹಿಡಿದು ಹೋದರೆ ಸಂಜೆಗೆ ಬರುವುದು. ಅಕ್ಕ ಬಾಗಿಲಿಗೂ ಒಲೆಗೂ ನಡುವೆ ದಿನ ಕಳೆಯುತ್ತಿದ್ದಳು. ಫೋನು ಹೊಡೆದುಕೊಂಡರೆ ಕೈಯಲ್ಲಿದ್ದ ಸೌಟನ್ನು ಬಿಟ್ಟು ಓಡುವುದನ್ನು ನಾನೇ ಕಂಡಿದ್ದೇನೆ.

ಒಂದು ದಿನ ನನ್ನನ್ನು ಕರೆಸಿ ಹಿತ್ತಲಿಗೆ ಕರೆದುಕೊಂಡು ಹೋದಳು.

"ಗಾಡಿ ಎಫ್‌ಸಿಗೆ ಬಂದದೆ, ಆರ್‌ಟಿಓದವ್ರಿಗೆ ತೋರಿಸ್ಬೇಕು. ಟಯರ್ ಪೂರಾ ಬೋಳು, ಹಾಕಿಸದೆ ಪಾಸಾಗದಿಲ್ಲ ಅಂತೆ. ನಾಳೆ ಕೊಪ್ಪಕ್ಕೆ ಹೋಗ್ತಾರೆ ಟಯರ್ ನೋಡಕ್ಕೆ. ನೀನೂ ಹೋಗು ತಮ್ಮ. ಹೆಂಗಾದ್ರೂ ಮಾಡಿ ಗಾಡಿ ಮಾರೋ ಹಂಗೆ ಮಾಡು."

"ನಾನು ಹೇಳಿದರೆ ಕೇಳ್ತಾರಾ?"

"ಹೊಸ ಟಯರ್ ಬಿತ್ತು ಅಂದ್ರೆ ಮುಗೀತು, ಅದು ಸವೆಯೋ ತನಕ ಓಡಿಸ್ತಾರೆ. ಎತ್ತೋರು ಒಬ್ರು ಕಮ್ಮಿ ಆದ್ರೆ ಮೂಟೆಗೆ ಹೆಗಲು ಕೊಡದೆ ಇರೋ ಜೀವ ಅಲ್ಲ ಅದು. ನಂಗೆ ಗಾಡಿ ಬೇಡ, ಅವ್ರು ಬೇಕು."

ನನಗೆ ಅಕ್ಕನ ಮೇಲೆ ಬಹಳ ಕನಿಕರವಾಯಿತು. ಒಪ್ಪಿಕೊಂಡೆ. ಮೇಷ್ಟ್ರ ಬುದ್ಧಿ ನೋಡಿ, ಅವತ್ತು ಸಂಜೆಯೆಲ್ಲ ಫೋನಿನಲ್ಲಿ ಟಯರುಗಳ ಬಗ್ಗೆ ಓದಿದೆ. ಟಯರಿನ ಪಕ್ಕದಲ್ಲಿ ಅಚ್ಚಾದ ಅಂಕಿಗಳ ಅರ್ಥ, ಎಷ್ಟು ಭಾರಕ್ಕೆ ಎಷ್ಟು ಗಾಳಿ, ಎಲ್ಲವನ್ನೂ ಬಾಯಿಪಾಠ ಮಾಡಿದೆ. ಟಯರಿನ ದೋಷಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಮನುಷ್ಯನಿಗೆ ಗಾಡಿಯ ಮೇಲೇ ಬೇಸರ ಬಂದೀತು ಎಂಬುದು ನನ್ನ ಉಪಾಯವಾಗಿತ್ತು.

ಮರುದಿನ ಹೊರಟೆವು. ನರಸಿಂಹರಾಜಪುರ ದಾಟಿ ಕೊಪ್ಪದ ರಸ್ತೆಗೆ ಬೀಳುವಷ್ಟರಲ್ಲಿ ನನ್ನ ತಲೆ ಗಾಡಿಯ ಚಾವಣಿಗೆ ಬಡಿದ ಲೆಕ್ಕ ತಪ್ಪಿತ್ತು.

"ಭಾವ, ಗಾಳಿ ಜಾಸ್ತಿ ಆಯ್ತಲ್ವಾ? ಖಾಲಿ ಗಾಡಿಗೆ ಇಷ್ಟು ಗಾಳಿ ಇರಬಾರದಂತೆ."

"ಯಾರಂತೆ?"

"ಫೋನಲ್ಲಿ ಓದಿದೆ."

"ಫೋನು ಎಂತ ಗಾಡಿ ಓಡಿಸ್ತದೆ ಮಾರಾಯ? ದಾರೀಲಿ ಯಾರಾದ್ರೂ ಲೋಡ್ ಕೊಟ್ರೆ? ರೆಡಿ ಇರ್ಬೇಕು."

ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡರು ಎಂಬ ಮಾತು ಇದೆಯಲ್ಲ, ಅವತ್ತು ಗಾಳಿಯೇ ನನ್ನನ್ನು ಗುದ್ದುತ್ತಿತ್ತು.

ಟಯರ್ ಅಂಗಡಿಯ ರಮೇಶ ಭಾವನಿಗೆ ಹಳೆಯ ಪರಿಚಯ. ನಗುಮುಖದ ಮನುಷ್ಯ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದವನು. ಭಾವ ಗೋಡೆಗೆ ಒರಗಿಸಿದ್ದ ಲಗ್ ಟಯರುಗಳ ಹಲ್ಲುಗಳ ನಡುವೆ ಬೆರಳು ಹಾಕಿ ಆಳ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ನನ್ನ ಪಾಠ ಶುರುಮಾಡಬೇಕು ಎನ್ನುವಷ್ಟರಲ್ಲಿ ರಮೇಶ ಹಿಂದಿನ ಚಕ್ರವನ್ನು ಬಿಚ್ಚಿ ಬಿಸಿಲಿಗೆ ತಿರುಗಿಸಿದ.

"ಇದೆಂತ ಅಣ್ಣಾ, ನಡು ಮಾತ್ರ ಬೋಳಾಗಿದೆ. ಎರಡೂ ಅಂಚು ಹೊಸದರ ಹಂಗೆ ಉಂಟು."

ನಾನೂ ಬಗ್ಗಿ ನೋಡಿದೆ. ನಿಜ. ಟಯರಿನ ನಡುವೆ ಕೈಯಷ್ಟು ಅಗಲ ನುಣ್ಣಗೆ ಸವೆದು ಹೋಗಿತ್ತು. ಆಚೆ ಈಚೆ ಹಲ್ಲುಗಳು ಹಾಗೆಯೇ ಇದ್ದವು.

"ಲೋಡ್ ಹೊತ್ರೆ ಟಯರ್ ಒತ್ತಿ ಪೂರಾ ನೆಲಕ್ಕೆ ಕೂರ್ತದೆ, ಎಲ್ಲಾ ಕಡೆ ಸವೀತದೆ. ಇದು ಬಿಗಿ ಗಾಳೀಲಿ ಬರೀ ಖಾಲಿ ಓಡಿದ್ದು. ಭಾಳ ದಿನದಿಂದ ಓಡಿದ್ದು" ಎಂದು ಹೇಳಿ ಅವನು ಇನ್ನೊಂದು ಚಕ್ರದ ನಟ್ಟು ಬಿಚ್ಚಲು ಹೋದ. ಅವನಿಗೆ ಅದು ಟಯರಿನ ವಿಷಯ ಮಾತ್ರ.

ಭಾವ ಲಗ್ ಟಯರಿನಿಂದ ಬೆರಳು ತೆಗೆದರು. ನನ್ನ ಕಡೆ ನೋಡಲಿಲ್ಲ. "ಕಾಫಿ ಕುಡ್ಕಂಡು ಬರಾಣ ಬಾ" ಎಂದು ರಸ್ತೆ ದಾಟಿದರು.

ಹೋಟೆಲಿನಲ್ಲಿ ಬಹಳ ಹೊತ್ತು ಲೋಟ ತಿರುಗಿಸುತ್ತ ಕುಳಿತರು. ನನಗೆ ವಿಷಯ ಅರ್ಥವಾಗಿತ್ತು, ಅರ್ಥವಾಗದೆ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

"ಲೋಡ್ ಯಾರೂ ಕೊಡದಿಲ್ಲ ಮಾರಾಯ," ಎಂದರು ಕೊನೆಗೆ. "ಆಸ್ಪತ್ರೆಯಿಂದ ಬಂದ ಮೇಲೆ ಒಬ್ರೂ ಕೊಡ್ಲಿಲ್ಲ. ಬೇಡ ಅಂತ ಮುಖಕ್ಕೆ ಹೇಳದಿಲ್ಲ. ನಾಳೆ ನೋಡಾಣ, ಕೂತ್ಕಳಿ, ಕಾಫಿ ಕುಡೀರಿ ಅಂತಾರೆ. ನಂಗೇನಾದ್ರೂ ಆದ್ರೆ ಅವ್ರ ಮಾಲಿನ ಜೊತೆ ಆಗ್ತದಲ್ಲ, ಆ ಹೆದರಿಕೆ. ತಪ್ಪು ಅಂತ ನಾ ಹೇಳದಿಲ್ಲ."

"ಮತ್ತೆ ದಿನಾ ಬುತ್ತಿ ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಬಾಳೆಹೊನ್ನೂರಿಗೆ. ಒಂದೊಂದು ದಿನ ಶೃಂಗೇರಿಗೆ. ಬಾಡಿಗೆ ಗಾಡಿಗಳ ಸಾಲಲ್ಲಿ ನಿಲ್ಲಿಸ್ತೀನಿ, ಬುತ್ತಿ ಉಣ್ತೀನಿ, ವಾಪಸ್ ಬರ್ತೀನಿ."

"ಗಾಳಿಯಾದರೂ ಕಡಿಮೆ ಮಾಡಿಸಬಹುದಿತ್ತಲ್ಲ ಭಾವ."

"ಖಾಲಿಗೆ ಹಾಕು ಅಂತ ಒಂದು ಸಲ ಬಾಯಿ ಬಿಟ್ರೆ ಪಂಕ್ಚರ್ ಅಂಗಡಿಯವನಿಗೆ ಗೊತ್ತಾಯ್ತು. ಅವನಿಗೆ ಗೊತ್ತಾದ್ರೆ ಊರಿಗೇ ಗೊತ್ತಾದ ಹಂಗೆ."

"ಅಕ್ಕನಿಗೆ?"

ಭಾವ ಲೋಟ ಕೆಳಗಿಟ್ಟರು. "ಅವ್ಳು ಬೆಳಿಗ್ಗೆ ಎದ್ದು ಬುತ್ತಿ ಕಟ್ತಾಳೆ. ಕೆಲಸ ಇಲ್ಲ ಅಂದ್ರೆ ಬುತ್ತಿ ಎಂತಕ್ಕೆ? ಬುತ್ತಿ ಬೇಡ ಅಂದ ಮೇಲೆ ನಾ ಆ ಮನೇಲಿ ಎಂತ?"

ಓದುಗರೇ, ನಾನು ಗಾಡಿ ಮಾರಿಸಲು ಹೋಗಿದ್ದವನು. ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಲೋಡೇ ಇಲ್ಲದ ಮೇಲೆ ಗಾಡಿ ಯಾಕೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಕುಳಿತ ಆ ಮನುಷ್ಯನಿಗೆ ಅದನ್ನು ಹೇಳಲಾಗಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು. "ಅಕ್ಕ ದಿನಾ ನೀವು ಮೂಟೆ ಎತ್ತುತ್ತೀರಿ ಅಂತ ಹೆದರಿಕೊಂಡು ಕೂತಿರ್ತಾಳೆ ಭಾವ. ಫೋನು ಬಂದರೆ ಕೈಲಿದ್ದ ಸೌಟು ಬಿಟ್ಟು ಓಡ್ತಾಳೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಇದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ, ಇಲ್ಲದ ಲೋಡನ್ನು ಉಂಟೆಂದೇ ನಂಬಿ ಒಬ್ಬಳು ಮನೆಯಲ್ಲಿ ಹೆದರುತ್ತಿದ್ದಾಳೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು.

ಅಂಗಡಿಗೆ ವಾಪಸಾದ ಮೇಲೆ ಭಾವ ಲಗ್ ಟಯರುಗಳ ಸಾಲನ್ನು ದಾಟಿ ಹೋಗಿ ಉದ್ದ ಗೆರೆಯ ಟಯರಿನ ಮುಂದೆ ನಿಂತರು. "ಇದ್ನೇ ಹಾಕು" ಎಂದರು. ರಮೇಶ ಏನೂ ಕೇಳದೆ ಕೂರಿಸಿದ. ಗಾಳಿಯ ಪೈಪು ಎತ್ತಿಕೊಂಡು, ಅಭ್ಯಾಸಬಲದಿಂದ, ಆ ಪ್ರಶ್ನೆ ಕೇಳಿದ.

ಭಾವ ರಸ್ತೆಯ ಕಡೆ ನೋಡುತ್ತಿದ್ದರು. ಒಂದು ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು ಗಾಡಿ ಹೋಯಿತು.

"ಖಾಲಿಗೆ," ಎಂದರು.

ಬರುವಾಗ ಗಾಡಿ ಕುಣಿಯಲಿಲ್ಲ. ನನ್ನ ತಲೆ ಚಾವಣಿಗೆ ಬಡಿಯಲಿಲ್ಲ. ನಾನು ಫೋನಿನಲ್ಲಿ ಓದಿದ್ದೇ ಸರಿಯಾಗಿತ್ತು ಎಂದು ಹೇಳಿಕೊಳ್ಳುವ ಚಪಲ ನಾಲಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಹೊಸ ಟಯರು ಕಂಡು ಅಕ್ಕ ನನ್ನನ್ನು ನೋಡಿದ ನೋಟವನ್ನು ನಾನು ವಿವರಿಸುವುದಿಲ್ಲ. ಭಾವ ಜಗುಲಿಯ ಮೇಲೆ ಕುಳಿತು, ಚಪ್ಪಲಿಯನ್ನೂ ಬಿಡದೆ, ಎಲ್ಲವನ್ನೂ ಹೇಳಿದರು. ಅಕ್ಕ ಕೇಳಿದಳು. ಸಮಾಧಾನವಾದೀತು ಎಂದುಕೊಂಡಿದ್ದೆ. ಆಗಲಿಲ್ಲ, ಸಿಟ್ಟು ಬಂತು.

"ಇಷ್ಟು ದಿನ ನಾನು ಜೀವ ಕೈಲಿ ಹಿಡ್ಕಂಡು ಕೂತಿದ್ದು ಖಾಲಿ ಗಾಡಿಗಾ?"

ಅಷ್ಟು ಹೇಳಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಸ್ವಲ್ಪ ಹೊತ್ತಿಗೆ ಹೊರಬಂದು, ಕಣ್ಣು ಒರೆಸಿಕೊಳ್ಳುತ್ತ, "ಖಾಲಿ ಹೋಗೋದಾದ್ರೆ ನಾನೂ ಬರ್ತೀನಿ. ಶೃಂಗೇರಿಗೆ ಹೋಗಿ ಎಷ್ಟು ಕಾಲ ಆಯ್ತು" ಎಂದಳು. ಗಾಡಿ ಬಂದ ಲಾಗಾಯ್ತು ಅದರ ಮುಂದಿನ ಸೀಟಿನಲ್ಲಿ ಕುಳಿತವಳಲ್ಲ ಅವಳು. ಅದು ಕೆಲಸದ ಗಾಡಿ ಎಂದು ಅವಳನ್ನು ಯಾರೂ ಹತ್ತಲು ಕರೆದಿರಲಿಲ್ಲ, ಅವಳೂ ಕೇಳಿರಲಿಲ್ಲ. ಆಮೇಲೆ ಇಬ್ಬರೂ ಶೃಂಗೇರಿಗೆ ಹೋದರು, ನೆಂಟರ ಮನೆಗಳಿಗೆಲ್ಲ ಹೋದರು, ಕೆಲವು ಸಲ ಸುಮ್ಮನೆ ಹೊಳೆಯ ದಡದವರೆಗೆ ಹೋಗಿ ಬುತ್ತಿ ಬಿಚ್ಚಿ ಉಂಡು ಬಂದರು. ಅಂಥ ದೊಡ್ಡ ಗಾಡಿಯಲ್ಲಿ ಬರೀ ಇಬ್ಬರು ಬಂದಿಳಿಯುವುದನ್ನು ಕಂಡು ನೆಂಟರು ತಮಾಷೆ ಮಾಡುತ್ತಿದ್ದರಂತೆ. ಆ ಟಯರುಗಳು ಅಂಚಿನಿಂದ ಅಂಚಿಗೆ ಸಮವಾಗಿ ಸವೆದವು. ಸವೆದ ಮೇಲೆ ಭಾವ ಯಾರೂ ಹೇಳದೆಯೇ ಗಾಡಿ ಮಾರಿದರು. ಈಗ ಬಸ್ಸಿನಲ್ಲಿ ಓಡಾಡುತ್ತಾರೆ, ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುತ್ತಾರೆ, ಅವನಿಗೆ ಬೇಕೋ ಬೇಡವೋ ಸಲಹೆ ಕೊಡುತ್ತಾರೆ.

ಕಟ್ಟೆಯ ಮೇಲೆ ಕುಳಿತು ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ಲಾರಿ ಖಾಲಿಯಾಗಿ ಹೊರಟುಹೋಗಿತ್ತು. ನಿಮಗೆ ಒಂದು ಮಾತು ಹೇಳಬೇಕು. ನಾನು ನಿವೃತ್ತನಾದ ಮೇಲೆ ದಿನವೂ ಹೀಗೆ ಚೀಲ ಹಿಡಿದು ಪೇಟೆಗೆ ಬರುತ್ತೇನೆ. ಬ್ಯಾಂಕಿನ ಮುಂದೆ ನಿಲ್ಲುತ್ತೇನೆ, ಲೈಬ್ರರಿಯಲ್ಲಿ ಓದಿದ ಪೇಪರನ್ನೇ ಓದುತ್ತೇನೆ, ಸ್ಕೂಲಿನ ಗಂಟೆ ಕೇಳಿಸುವ ಜಾಗವನ್ನು ತಪ್ಪಿಸಿ ಸುತ್ತು ಬಳಸಿ ಹೋಗುತ್ತೇನೆ. ಇವತ್ತೂ ಕೆಲಸವೇನೂ ಇರಲಿಲ್ಲ. ಭಾವನ ಕಥೆಯನ್ನು ಎಷ್ಟೋ ಜನಕ್ಕೆ ನಗುನಗುತ್ತ ಹೇಳಿದ್ದೇನೆ, ಅದು ಭಾವನದು ಮಾತ್ರ ಎಂದುಕೊಂಡಿದ್ದೆ.

ಎದ್ದು ಮನೆಗೆ ಬಂದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು.

"ಇಷ್ಟು ಬೇಗ?"

"ಕೆಲಸ ಇರ್ಲಿಲ್ಲ. ನಿನ್ನೆಯೂ ಇರ್ಲಿಲ್ಲ."

ಅವಳು ಒಲೆಯ ಕಡೆಯಿಂದ ತಿರುಗಲಿಲ್ಲ. ಆಮೇಲೆ ಒಡೆದಿಟ್ಟಿದ್ದ ಕಾಯಿಯ ಕಡಿಯನ್ನು ನನ್ನ ಕೈಗೆ ಕೊಟ್ಟು, ತುರಿಮಣೆಯನ್ನು ಕಾಲಿನಿಂದ ನನ್ನತ್ತ ದೂಡಿದಳು.

"ಹಂಗಾದ್ರೆ ಇದನ್ನ ತುರೀರಿ."

ಕಾಯಿ ತುರಿಯಲು ನನಗೆ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕೊಟ್ಟಳು. ಅಂಗಿಯ ತೋಳು ಮಡಚಿ ಕುಳಿತೆ.