ಮಾಮಾನ ಅಂಗೈಯಲ್ಲಿ ಅಕ್ಕನ ಲಿಂಗ

ನನ್ನ ಅಕ್ಕನ ಗಂಡನನ್ನು ನಾವು ಅವರದಲ್ಲದ ಲಿಂಗದ ಜೊತೆ ಮಣ್ಣು ಮಾಡಿ ಬಂದೆವು. ತಪ್ಪು ಮಾಡಿದವನು ಬೇರೆ ಯಾರೂ ಅಲ್ಲ. ಪೇಪರಿನ ಇದೇ ಜಾಗದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳುವ ಮಹಾನುಭಾವ. ನಾನೇ.

ಕಳೆದ ತಿಂಗಳ ಮಾತು. ನಾನಿರುವುದು ಆಳಂದದಲ್ಲಿ, ಅಕ್ಕ ಗುರುಬಾಯಿ ಇರುವುದು ಅಫಜಲಪುರ ತಾಲೂಕಿನ ಕರಜಗಿಯಲ್ಲಿ. ಮಾಮಾ (ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೇ ಕರೆಯುತ್ತೇವೆ) ಕಬ್ಬಿಗೆ ನೀರು ಬಿಡಲು ಹೋದವರು ಎದೆ ಹಿಡಿದುಕೊಂಡು ಕುಸಿದರು. ಕಲಬುರಗಿಯ ಆಸ್ಪತ್ರೆಯಲ್ಲಿ ಎರಡೇ ದಿನ. ಮುಗಿಯಿತು.

ಲಿಂಗಾಯತರ ಮನೆಯ ರೂಢಿ ನಿಮಗೆ ಗೊತ್ತೇ ಇರುತ್ತದೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬದುಕಿರುವಷ್ಟು ದಿನ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ. ಸತ್ತ ಮೇಲೂ ಅದೇ ಅಂಗೈಯಲ್ಲಿ ಅದೇ ಲಿಂಗ ಇಟ್ಟು ಮಣ್ಣು ಕೊಡುತ್ತಾರೆ. ಹೊಲ ಮನೆ ಪಾಲಾಗಬಹುದು, ಇದು ಆಗುವುದಿಲ್ಲ. ಒಬ್ಬರದು ಒಬ್ಬರಿಗೇ.

ಅಕ್ಕ ಮತ್ತು ಮಾಮಾನ ಕರಡಿಗೆಗಳು ಮಾತ್ರ ನೋಡಲು ಒಂದೇ ಥರ. ಮದುವೆಯಲ್ಲಿ ನಮ್ಮಪ್ಪ ಅಕ್ಕಸಾಲಿ ಪತ್ತಾರರ ಹತ್ತಿರ ಒಟ್ಟಿಗೇ ಮಾಡಿಸಿದ ಜೋಡಿ. ಮಾಮಾನದನ್ನು ಸ್ಕ್ಯಾನಿಂಗ್‌ಗೆ ಮುಂಚೆ ತೆಗೆದು ಅಕ್ಕನ ಕೈಗೆ ಕೊಟ್ಟಿದ್ದರು. ಅದು ಅವಳ ಬ್ಯಾಗಿನಲ್ಲೇ ಉಳಿದಿತ್ತು. ಶವ ಮನೆಗೆ ಬಂದಾಗ ಹೆಂಗಸರು ತಬ್ಬಿಕೊಂಡು ಅಳುವ ಗದ್ದಲದಲ್ಲಿ ಕರಡಿಗೆ ಕಟ್ಟಿದ್ದ ಅಕ್ಕನ ಕೊರಳಿನ ಶಿವದಾರ ಹರಿಯಿತು. ಯಾರೋ ಅವಳ ಕರಡಿಗೆ ಎತ್ತಿ ದೇವರ ಜಗಲಿಯ ಮೇಲಿಟ್ಟರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮಣ್ಣಿಗೆ ಹೊರಡುವ ಹೊತ್ತಿಗೆ ಮಠದ ಅಯ್ಯನವರು ಕೂಗಿದರು. “ಲಿಂಗ ತರ್ರಿ, ಲಗೂನ!”

ಒಳಗೆ ಓಡಿದೆ. ಜಗಲಿಯ ಮೇಲೆ ಕರಡಿಗೆ ಕಂಡಿತು. ಎತ್ತಿದೆ, ಕೊಟ್ಟೆ. (ಎಲ್ಲದಕ್ಕೂ ಮುಂದಾಗುವ ಭಾಮೈದ ಎಂದು ಹೆಸರು ತಗೊಳ್ಳುವ ಉಮೇದು ಬೇರೆ!) ಅಯ್ಯನವರು ಸಮಾಧಿಯ ಕುಣಿಯಲ್ಲಿ ಲಿಂಗವನ್ನು ಮಾಮಾನ ಅಂಗೈಗಿಟ್ಟರು. ಖಾಲಿ ಕರಡಿಗೆ ನಾನೇ ತಂದು ಮತ್ತೆ ಜಗಲಿಯ ಮೇಲಿಟ್ಟೆ.

ಮರುದಿನ ಬೆಳಿಗ್ಗೆ ಅಕ್ಕ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತಳು. ಕರಡಿಗೆ ತೆರೆದಳು. ಖಾಲಿ. ಎದ್ದು ಹೋಗಿ ಆಸ್ಪತ್ರೆಯ ಬ್ಯಾಗು ತಂದು ಇನ್ನೊಂದನ್ನು ತೆರೆದಳು. ಅದರಲ್ಲಿ ಮಾಮಾನ ಲಿಂಗ ಇತ್ತು.

“ತಮ್ಮಾ, ನಿನ್ನಿ ಮಾಮಾಗ ಯಾವ್ದ ಕೊಟ್ಟಿ?”

“ಜಗಲಿ ಮ್ಯಾಲಿದ್ದದ್ದು” ಎಂದೆ.

ಅಯ್ಯನವರನ್ನು ಕರೆಸಿದೆವು. “ಮಣ್ಣಿಗಿ ಕೊಟ್ಟದ್ದು ತಿರುಗಿ ಕೇಳಬಾರದ್ರಿ ತಾಯಿ. ನಿಮಗ ಹೊಸಾ ಲಿಂಗ ಕಟ್ತೇನಿ. ನಿಮ್ಮ ಮಾಲಕರದು ಹೊಳಿಗಿ ಬಿಡ್ರಿ” ಎಂದರು. ಅವರಿಗೆ ಅಲ್ಲಿಗೆ ಮುಗಿಯಿತು. ಫ್ಯಾಮಿಲಿ ಗ್ರೂಪಿನಲ್ಲಿ ಸುದ್ದಿ ಹರಡಿ, ಜೇವರ್ಗಿಯ ಬೀಗರಿಂದ ಹಿಡಿದು ಎಲ್ಲರೂ ಕೈಮುಗಿಯುವ ಇಮೋಜಿ ಕಳಿಸಿದರು. ಸಾವಿನಲ್ಲೂ ಬಿಡದ ಜೋಡಿಯಂತೆ! ಸುಳ್ಳೇಕೆ ಹೇಳಲಿ, ನನಗೂ ಅದು ಚಂದ ಅನಿಸಿತ್ತು. ನನ್ನ ತಪ್ಪಿಗೊಂದು ಒಳ್ಳೆಯ ಅರ್ಥ ಸಿಕ್ಕಿತಲ್ಲ?

“ಅಕ್ಕಾ, ನಿನ್ನ ಲಿಂಗ ಅವರ ಕೈಯಾಗ ಅದ ಅಂದ್ರ ನೀನೇ ಅವರ ಜೋಡಿ ಇದ್ದಂಗ” ಎಂದೆ.

“ಸುಮ್ನಿರು. ಪೇಪರಿನ ಮಾತು ನನ್ನ ಮುಂದ ಆಡಬ್ಯಾಡ.”

ಅಕ್ಕ ನನ್ನನ್ನು ಹಾಗೆ ಗದರಿದ್ದು ಚಿಕ್ಕಂದಿನ ನಂತರ ಅದೇ ಮೊದಲು. ಆಮೇಲೆ ದನಿ ಇಳಿಸಿ ಹೇಳಿದಳು. “ಪೂಜಿಗಿ ಒಂದೇ ಖೋಲಿ, ಕೂಡಾಕ ಎರಡು ಮಣಿ. ಮೂವತ್ತೆಂಟು ವರ್ಷ. ಅವರು ತಮ್ಮ ಅಂಗೈ ನೋಡ್ತಿದ್ರು, ನಾ ನನ್ನ ಅಂಗೈ ನೋಡ್ತಿದ್ದೆ. ಅವರು ಏನ್ ಬೇಡ್ಕೋತಿದ್ರು, ನಾ ಕೇಳಿಲ್ಲ. ನಾ ಏನ್ ಹೇಳ್ಕೋತಿದ್ದೆ, ಅವರೂ ಕೇಳಿಲ್ಲ. ನನ್ನ ಮೊದಲನೇ ಕೂಸು ಹೋದಾಗ ಅವರ ಮುಂದ ಅಳಲಿಲ್ಲೋ. ಗಂಡಸು ಎದಿ ಒಡ್ಕೋತಾನ ಅಂತ ಹೆದರಿದ್ದೆ. ನನ್ನ ಲಿಂಗದ ಮುಂದ ಕುಂತು ಅತ್ತೆ. ನೀ ಅದನ್ನೇ ಒಯ್ದು ಅವರ ಕೈಗಿ ಕೊಟ್ಟಿ. ಪಾಪ, ತಮ್ಮದು ಇಲ್ಲೇ ಬಿಟ್ಟು ಮಂದಿದು ಹಿಡ್ಕೊಂಡು ಹೋದ್ರು.”

“ನಿಂದು ಅಂದ್ರ ಮಂದಿದೇನಕ್ಕಾ?”

“ಹೌದೋ. ನಾ ಹೆಂಡ್ತಿ, ಖರೆ. ಆದ್ರ ಇದರಾಗ ನಾನೂ ಮಂದಿನೇ.”

ಅವರದು ಊರಿಗೆ ಊರೇ ಹೊಗಳುತ್ತಿದ್ದ ಸಂಸಾರ. ಜಗಳ ಕಂಡವರಿಲ್ಲ. ಒಂದೇ ತಾಟಿನಲ್ಲಿ ಉಂಡವರು. ಅಂಥವರ ನಡುವೆಯೂ ಒಬ್ಬರಿಗೊಬ್ಬರು ಕಾಲಿಡದ ಜಾಗ ಒಂದಿತ್ತು. ಅದು ಜಗಳದ ಗೋಡೆಯಲ್ಲ, ಮರ್ಯಾದೆಯ ಹೊಸ್ತಿಲು. ಅದನ್ನು ನಾನು ಚಪ್ಪಲಿ ಕಾಲಲ್ಲಿ ದಾಟಿಬಿಟ್ಟಿದ್ದೆ. ನಾವು ‘ನಿನ್ನ ದುಃಖ ನನಗೆ ಗೊತ್ತು’ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ, ನೋಡಿ! ಏನು ಗೊತ್ತಿರುತ್ತದೆ, ಮಣ್ಣು?

ಐದನೆಯ ದಿನ ಮಾಮಾನ ಲಿಂಗ ಹೊಳೆಗೆ ಬಿಡಲು ಚೌಡಾಪುರದ ಮೇಲೆ ಹಾಯ್ದು ಗಾಣಗಾಪುರಕ್ಕೆ ಹೋದೆವು. ಭೀಮೆಯ ದಂಡೆಯಲ್ಲಿ ಜಾತ್ರೆಯಷ್ಟು ಜನ. ಮುಳುಗುವವರು, ಒದ್ದೆ ಸೀರೆ ಹಿಂಡುವವರು, ಸೆಲ್ಫಿ ತೆಗೆಯುವವರು. ಅದರ ನಡುವೆ ಅಕ್ಕ ಮೆಟ್ಟಿಲ ಮೇಲೆ ಕುಳಿತು, ಕರಡಿಗೆ ತೆರೆದು, ಮಾಮಾನ ಲಿಂಗವನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ನೋಡುತ್ತಲೇ ಇದ್ದಳು. ಬಿಸಿಲು ಏರಿತು. ನಾನು ಅವಸರ ಮಾಡಲಿಲ್ಲ. (ಅವಸರದ ಫಲ ಉಂಡಾಗಿತ್ತಲ್ಲ.)

ಕೊನೆಗೆ ನೀರಿಗಿಳಿದು ಬಿಟ್ಟಳು. ಮೇಲೆ ಬಂದಾಗ ಕಣ್ಣು ಕೆಂಪಾಗಿದ್ದವು.

“ಅಷ್ಟೊತ್ತು ಏನ್ ನೋಡಾಕತ್ತಿದ್ದಿ ಅಕ್ಕಾ?”

“ಅವರು ದಿನಾ ಏನ್ ಹೇಳ್ಕೋತಿದ್ರು ಅಂತ ಇವತ್ತಾದ್ರೂ ತಿಳೀತದೇನು ಅಂತ ನೋಡ್ದೆ.” ಸೆರಗಿನಿಂದ ಅಂಗೈ ಒರೆಸಿಕೊಂಡಳು. “ಅದು ನನ್ನ ಜೋಡಿ ಮಾತಾಡ್ಲಿಲ್ಲೋ ತಮ್ಮಾ.”

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಅಳುತ್ತಿದ್ದಳು. ಭುಜದ ಮೇಲೆ ಕೈ ಇಡಲು ಹೋದೆ. ಇಡಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕುಳಿತೆ. ಆ ಹೊತ್ತಿಗೆ ನನ್ನ ಕೈಲಾದದ್ದು ಅಷ್ಟೇ.

ಆಳಂದಕ್ಕೆ ಬಂದ ಮರುದಿನ ಪೂಜೆಗೆ ಕುಳಿತಾಗ ಪಕ್ಕದ ಮಣೆಯ ಮೇಲೆ ನನ್ನ ಹೆಂಡತಿ ಕಣ್ಣು ಮಿಟುಕಿಸದೆ ತನ್ನ ಅಂಗೈ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಾಳೆ? ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನಗೆ ಆ ಪ್ರಶ್ನೆ ಬಂತು. ಕೇಳಲಿಲ್ಲ. ನನ್ನ ಅಂಗೈಗೆ ಕಣ್ಣು ಹೊರಳಿಸಿದೆ.

ಒಂದು ದಿನ ನನ್ನ ಮಣ್ಣಿಗೂ ಅಯ್ಯನವರು ಹೊರಗಿನಿಂದ ‘ಲಿಂಗ ತರ್ರಿ’ ಎಂದು ಕೂಗುತ್ತಾರೆ. ಆಗ ಒಳಗೆ ಓಡಿ ಬಂದವರಿಗೆ ನನ್ನದು ಯಾವುದು ಎಂದು ಗುರುತು ಸಿಗುತ್ತದೆಯೇ?