ಖಾಲಿ ಇರಬೇಕಾದ ಪೆಟ್ಟಿಗೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಜ್ಜಂಪುರದಿಂದ ದಿನವೂ ಬಸ್ಸು ಹತ್ತಿ ಕಡೂರಿಗೆ ಬರುತ್ತಿದ್ದೆ. ಅಲ್ಲಿ ಹೊಸದಾಗಿ ಕಟ್ಟುತ್ತಿದ್ದ ಟಾಕೀಸಿನ ಗಾಳಿ ಕೊಳವೆಗಳ ತಗಡಿನ ಕೆಲಸ ನನ್ನದು. ಗಾಳಿ ನೂಕುವ ಬ್ಲೋವರ್ ಯಂತ್ರದ ಮುಂದೆ ಆಳೆತ್ತರದ ತಗಡಿನ ಪೆಟ್ಟಿಗೆ ಕೂರಿಸಿದ್ದೆ. ನುಗ್ಗಿ ಬಂದ ಗಾಳಿ ಅದರೊಳಗೆ ವೇಗ ಕಳೆದುಕೊಂಡು ನಾಲ್ಕೂ ಗೋಡೆಗಳನ್ನು ಸಮನಾಗಿ ಒತ್ತಬೇಕು. ಆಗಲೇ ಅದರಿಂದ ಹೊರಟ ಎಂಟು ಕೊಳವೆಗಳಿಗೂ ಸಮಪಾಲು ಸಿಗುವುದು. ಖಾಲಿಯಾಗಿರುವುದೇ ಅದರ ಕೆಲಸ. ಇದನ್ನು ಟಾಕೀಸಿನ ಯಜಮಾನರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಸಿಂಗಟಗೆರೆ ಕಡೆಯ ತೆಂಗಿನ ತೋಟದವರು ಅವರು. ಇಷ್ಟು ದೊಡ್ಡ ಖಾಲಿ ಡಬ್ಬ ಯಾಕೆಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಆದರೂ ಇದು ಪಾಸಾದರೆ ತರೀಕೆರೆಯಲ್ಲಿ ಕಟ್ಟಲಿರುವ ಟಾಕೀಸಿನ ಕೆಲಸವೂ ನನಗೇ ಎಂದು ಮಾತು ಕೊಟ್ಟಿದ್ದರು.

ಅವರ ತಾಯಿ ಅಂಥ ಪ್ರಶ್ನೆ ಕೇಳಿದವರಲ್ಲ. ದಿನವೂ ಮಗನ ಜೊತೆ ಟಾಕೀಸಿಗೆ ಬರುತ್ತಿದ್ದ ಅವರು ನನ್ನ ಊಟದ ಡಬ್ಬಿಯನ್ನು ತಾವೇ ತೊಳೆದು ಸಂಜೆ ಕೈಗಿಡುತ್ತಿದ್ದರು. ಒಳಗೆ ಒಂದು ಚೂರು ಬೆಲ್ಲವೋ ಹಿಡಿ ಕಡಲೆಯೋ ಇದ್ದೇ ಇರುತ್ತಿತ್ತು. ಪಾತ್ರೆಯನ್ನು ಬರಿದಾಗಿ ಕೊಡುವುದು ಅವರಿಗೆ ಗೊತ್ತೇ ಇರಲಿಲ್ಲ.

ಲೈಸೆನ್ಸಿಗೆ ತಪಾಸಣೆ ಮಾಡುವ ಎಂಜಿನಿಯರು ಒಂದು ಬೆಳಿಗ್ಗೆ ಬಂದರು. ಅವರು ಕೋಲಿನ ತುದಿಗೆ ಕಾಗದದ ಪಟ್ಟಿ ಅಂಟಿಸಿ ಒಂದೊಂದೇ ಗಾಳಿಕಿಂಡಿಗೆ ಹಿಡಿಸಿದರು. ಏಳು ಕಡೆ ಕಾಗದ ಪಟಪಟನೆ ಹಾರಿತು. ಎಂಟನೆಯದು, ಹೆಂಗಸರು ಕೂರುವ ಕಡೆಯದು. ಅಲ್ಲಿ ಅಲ್ಲಾಡಲೇ ಇಲ್ಲ. ಎಂಜಿನಿಯರು ಗಡಿಯಾರ ನೋಡಿಕೊಂಡು, ಅರ್ಧ ಗಂಟೆಯೊಳಗೆ ಸರಿಪಡಿಸದಿದ್ದರೆ ತಿರಸ್ಕರಿಸಿ ಹೋಗುವೆನೆಂದರು. ಯಜಮಾನರು ನನ್ನನ್ನೇ ದುರುಗುಟ್ಟಿ ನೋಡಿದರು.

ಬ್ಲೋವರ್ ನಿಲ್ಲಿಸಿ, ಪೆಟ್ಟಿಗೆಯ ಬಾಗಿಲು ಬಿಚ್ಚಿ ಒಳಗೆ ತೂರಿದೆ. ಸೆಕೆಗೆ ಬೆವರು ಕಣ್ಣಿಗಿಳಿಯುತ್ತಿತ್ತು. ನಾನೇ ಎಲ್ಲೋ ಜೋಡಣೆ ತಪ್ಪಿಸಿದೆನೆಂದು ನನ್ನನ್ನೇ ಬೈದುಕೊಂಡು ಬ್ಯಾಟರಿ ಬಿಟ್ಟರೆ, ಎಂಟನೆಯ ಕೊಳವೆಯ ಜಾಲರಿಗೆ ಕೆಂಪು ರವಿಕೆಕಣವೊಂದು ಅಗಲವಾಗಿ ಅಂಟಿಕೊಂಡಿದೆ. ಅದರ ಒಂದು ಮೂಲೆಯಲ್ಲಿ ಹಿಡಿ ಅಕ್ಕಿಯ ಗಂಟು, ಮೇಲೆ ಅರಿಶಿನ.

ಯಾರ ಕೆಲಸವೆಂದು ಕೇಳಬೇಕಿರಲಿಲ್ಲ. ಹೊಸ ಪೆಟ್ಟಿಗೆಯನ್ನು ಬರಿದಾಗಿ ಶುರುಮಾಡಬಾರದೆಂದು ಮುದುಕಿ ಮಡಿಲಕ್ಕಿ ಇಟ್ಟಿದ್ದಳು. ಗಾಳಿ ಅದನ್ನು ಎತ್ತಿ ಜಾಲರಿಗೆ ಒತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಇದನ್ನು ಎಲ್ಲರೆದುರಿಗೆ ಎಸೆದು, ನೋಡಿ ನಿಮ್ಮ ಮನೆಯವರ ಬುದ್ಧಿ ಎನ್ನಬೇಕೆಂದೇ ಗಂಟು ಹಿಡಿದು ಬಾಗಿಲಿಗೆ ಬಂದೆ.

ಹೊರಗೆ ಮಗನ ಬೆನ್ನ ಹಿಂದೆ ಆಕೆ ನನ್ನ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದರು. ಅವರ ಕಣ್ಣು ನನ್ನ ಕೈಯಲ್ಲಿದ್ದ ಗಂಟಿನ ಮೇಲೇ ಇತ್ತು. ನನ್ನ ಕೈ ತಾನಾಗಿ ಗಂಟನ್ನು ಪಂಚೆಯ ಮಡಿಲಿಗೆ ಸೇರಿಸಿತು.

"ನನ್ ಒರೆಸೋ ಬಟ್ಟೆ ಒಳಗೇ ಉಳ್ಕಂಡಿತ್ತು ಸ್ವಾಮಿ. ನಂದೇ ತಪ್ಪು" ಎಂದೆ.

ಬ್ಲೋವರ್ ಹಾಕಿದಾಗ ಎಂಟನೆಯ ಕಾಗದವೂ ಹಾರಿತು. ಎಂಜಿನಿಯರು ಸಹಿ ಹಾಕಿ ಹೋದರು. ಯಜಮಾನರು ಮಾತ್ರ, ಇಷ್ಟು ಉಡಾಫೆಯವನಿಗೆ ತರೀಕೆರೆ ಕೆಲಸ ಕೊಡುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟರು. ನಾನು ಹಲ್ಲು ಕಚ್ಚಿಕೊಂಡು ಸಾಮಾನು ಕಟ್ಟಿದೆ. ಸಂಕಟವಾಗಿತ್ತು, ಸುಳ್ಳೇಕೆ.

ಯಜಮಾನರು ಆಚೆ ಹೋದ ಮೇಲೆ ಮುದುಕಿ ಹತ್ತಿರ ಬಂದರು. ಡಬ್ಬಿಯ ಮುಚ್ಚಳ ತೆಗೆದು ನನಗೆ ಒಳಗೆಲ್ಲ ಕಾಣುವಂತೆ ಹಿಡಿದರು.

"ಏನೂ ಹಾಕಿಲ್ಲ ಕಣಪ್ಪ, ನೋಡ್ಕೋ. ಇನ್ಮೇಲೆ ಯಾವುದ್ರೊಳಗೂ ಏನೂ ಹಾಕಾಕಿಲ್ಲ."

ನಾನು ಮಡಿಲಿನಿಂದ ಗಂಟು ತೆಗೆದು ಬಿಚ್ಚಿದೆ. ಅರಿಶಿನ ಹತ್ತಿದ ಆ ಅಕ್ಕಿಯನ್ನು ಆಕೆಯ ಕೈಯಲ್ಲಿದ್ದ ಡಬ್ಬಿಗೇ ಸುರಿದು, ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಚೀಲಕ್ಕಿಟ್ಟುಕೊಂಡೆ.